ಮೂಳೆ ಕೂಡಿತು, ಉರಿ ಉಳಿಯಿತು

ಎರಡು ವರ್ಷದ ಹಿಂದೆ ಗಬ್ಬ ಪರೀಕ್ಷೆ ಮಾಡುವಾಗ ಹಸು ಥಟ್ಟನೆ ಪಕ್ಕಕ್ಕೆ ಸರಿಯಿತು. ನನ್ನ ಬಲಗೈ ಕಂಬಕ್ಕೂ ಹಸುವಿಗೂ ನಡುವೆ ಸಿಕ್ಕಿ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿಯೇ ಕೂಡಿತ್ತು. ನೋವು ಮಾತ್ರ ಹೋಗಲಿಲ್ಲ.

ಅದು ಪೆಟ್ಟಿನ ನೋವಿನಂತಿರಲಿಲ್ಲ. ಮೆಣಸಿನಕಾಯಿ ಹಚ್ಚಿದಂಥ ಉರಿ, ನಡುನಡುವೆ ಕರೆಂಟ್ ಹೊಡೆದಂತೆ. ಸೀರೆಯ ಸೆರಗು ಸವರಿದರೂ, ಕ್ಯಾನ್ ತೊಳೆಯುವ ತಣ್ಣೀರು ಬಿದ್ದರೂ ಜೀವ ಹೋದಂತಾಗುತ್ತಿತ್ತು. ನಾನೇ ಡಾಕ್ಟರು, ಆದರೂ ಎರಡು ತಿಂಗಳು ನೋವಿನ ಮಾತ್ರೆ ನುಂಗಿದೆ. ಹೊಟ್ಟೆಯೂ ಉರಿಯತೊಡಗಿತು, ಅಷ್ಟೇ.

ಕೊನೆಗೆ ನರರೋಗ ತಜ್ಞರ ಬಳಿ ಹೋದೆ. ಅವರು ಕಣ್ಣು ಮುಚ್ಚಿಸಿ ಎರಡೂ ಕೈಗಳನ್ನು ಹತ್ತಿಯಿಂದ ಸವರಿದರು, ಸೂಜಿಮೊನೆ ತಾಗಿಸಿದರು, ಬೆರಳುಗಳ ಬಲ, ಊತ, ಬಣ್ಣ, ಬೆವರು ಹೋಲಿಸಿ ನೋಡಿದರು. ಸಕ್ಕರೆ ಕಾಯಿಲೆ ಇದೆಯೇ ಎಂದೂ ಪರೀಕ್ಷಿಸಿದರು. ಗಾಯ ಮಾಗಿದರೂ ಪೆಟ್ಟಾದ ನರ ಮೆದುಳಿಗೆ ಸುಳ್ಳು ಸುದ್ದಿ ಕಳಿಸುತ್ತಲೇ ಇರುತ್ತದೆ. ಸಾಮಾನ್ಯ ನೋವಿನ ಮಾತ್ರೆ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಇದಕ್ಕೆ ಅಮಿಟ್ರಿಪ್ಟಿಲಿನ್, ಗಾಬಾಪೆಂಟಿನ್, ಪ್ರೀಗಾಬಲಿನ್‌ನಂಥ ಔಷಧಿಗಳಿವೆ. ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಗುಣ ಕಾಣಲು ವಾರಗಳೇ ಬೇಕು. ತೂಕಡಿಕೆ, ತಲೆಸುತ್ತು ಬರಬಹುದು. ಹಾಗೆಂದು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ನನಗೆ ಹೆಚ್ಚು ಕಷ್ಟವಾಗಿದ್ದು ವ್ಯಾಯಾಮ. ನೋವಿಗೆ ಹೆದರಿ ಕೈಯನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆ, ಬೆರಳುಗಳು ಮರಗಟ್ಟಿದ್ದವು. ಮೊದಲು ಹತ್ತಿ, ಆಮೇಲೆ ಟವೆಲ್, ಆಮೇಲೆ ಅಕ್ಕಿಯ ಡಬ್ಬಿಯೊಳಗೆ ಕೈಯಾಡಿಸುವುದು, ದಿನಕ್ಕೆ ನಾಲ್ಕೈದು ಬಾರಿ. ನಮ್ಮತ್ತೆ ನೋಡಿ ನಗುತ್ತಿದ್ದರು.

ಅಕ್ಕಂದಿರೇ, ಹಸು ಒದ್ದ ಕೈ, ತುಳಿದ ಪಾದ ಮೂರು ತಿಂಗಳಾದರೂ ಉರಿಯುತ್ತಿದ್ದರೆ 'ಕೊಟ್ಟಿಗೆ ಕೆಲಸ ಅಂದಮೇಲೆ ಇದ್ದದ್ದೇ' ಎನ್ನಬೇಡಿ. ಊತ ಇಳಿಯದೆ ಚರ್ಮದ ಬಣ್ಣ ಬದಲಾದರೆ, ಹಿಡಿತ ಸಡಿಲವಾದರೆ, ಪಾದ ಎತ್ತಲಾಗದಿದ್ದರೆ ಮೂರು ತಿಂಗಳು ಕಾಯಲೂಬೇಡಿ.

ಹಸುವಿಗೂ ನರಗಳಿವೆ. ಗಾಯ ಮಾಗಿದ ಕಾಲನ್ನು ಮುಟ್ಟಿದರೆ ಒದೆಯುವ ಹಸುವನ್ನು 'ತುಂಟತನ ಕಲಿತಿದೆ' ಎಂದು ಸಂತೆಗೆ ಹೊಡೆಯುವ ಮೊದಲು ನಮ್ಮನ್ನು ಕರೆಯಿರಿ. ಬರೆ ಹಾಕಿಸಬೇಡಿ, ಅದು ಇನ್ನೊಂದು ಗಾಯ. ನಿಮ್ಮ ಮಾತ್ರೆಯನ್ನೂ ಕೊಡಬೇಡಿ. ರಣಹದ್ದುಗಳು ಸಾಯುತ್ತಿದ್ದ ಕಾರಣ ಜಾನುವಾರುಗಳಿಗೆ ಡೈಕ್ಲೋಫಿನಾಕ್ 2006ರಲ್ಲೇ ನಿಷೇಧವಾಗಿದೆ.

ನನ್ನ ಕೈ ಈಗ ಮುಕ್ಕಾಲು ಪಾಲು ವಾಸಿ. ಚಳಿಗಾಲದ ಬೆಳಗ್ಗೆ ಇನ್ನೂ ಜುಮ್ಮೆನ್ನುತ್ತದೆ. ಗಬ್ಬ ಪರೀಕ್ಷೆಗೆ ಎಡಗೈಯನ್ನು ರೂಢಿ ಮಾಡಿಕೊಂಡಿದ್ದೇನೆ.