ಹಿರೋಷಿಮಾದ ಟ್ರಾಮ್ ಓಡಿಸಿದ ಹುಡುಗಿಯರು

1943ರ ಏಪ್ರಿಲ್‌ನಲ್ಲಿ ಹಿರೋಷಿಮಾದ ಟ್ರಾಮ್ ಕಂಪನಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆಯಿತು. ಹೆಸರಿಗೆ ಅದು ಗೃಹವಿಜ್ಞಾನ ಶಾಲೆ. ಗಣಿತ, ಜಪಾನಿ ಭಾಷೆ, ಹೊಲಿಗೆ, ನಡೆನುಡಿ ಎಲ್ಲವನ್ನೂ ಕಲಿಸುತ್ತಿದ್ದರು. ಆದರೆ ಅರ್ಧ ದಿನ ಮಾತ್ರ ಪಾಠ. ಉಳಿದರ್ಧ ದಿನ ಆ ಹುಡುಗಿಯರು ಊರಿನ ಟ್ರಾಮ್‌ಗಳಲ್ಲಿ ಕಂಡಕ್ಟರ್‌ಗಳು. ಸ್ವಲ್ಪ ಪಳಗಿದ ಮೇಲೆ ಚಾಲಕಿಯರು.

ಯುದ್ಧ ಗಂಡಸರನ್ನೆಲ್ಲ ಬಾಚಿಕೊಂಡು ಹೋಗಿದ್ದ ಕಾಲ ಅದು. ಟ್ರಾಮ್‌ಗಳಿದ್ದವು, ಹತ್ತುವ ಜನ ದಿನದಿನಕ್ಕೆ ಹೆಚ್ಚುತ್ತಿದ್ದರು, ಓಡಿಸುವ ಕೈಗಳಿರಲಿಲ್ಲ. ಕಂಪನಿ ಹಳ್ಳಿಗಳ ಕಡೆ ನೋಡಿತು. ಶುಲ್ಕವಿಲ್ಲ, ಹಾಸ್ಟೆಲ್ ಇದೆ, ಓದುತ್ತಲೇ ಕೈಗೆ ಸಂಬಳವೂ ಬರುತ್ತದೆ ಎಂದರೆ, ಪ್ರಾಥಮಿಕ ಶಾಲೆ ಮುಗಿಸಿ ಮುಂದೆ ಓದುವ ಆಸೆಯನ್ನು ನುಂಗಿಕೊಂಡು ಕೂತಿದ್ದ ರೈತರ ಮನೆಯ ಹುಡುಗಿಗೆ ಅದಕ್ಕಿಂತ ಇನ್ನೇನು ಬೇಕು? ಸೇರಿದಾಗ ಹೆಚ್ಚಿನವರಿಗೆ ಹದಿನಾಲ್ಕರ ಪ್ರಾಯ. 1945ರ ಹೊತ್ತಿಗೆ ಶಾಲೆಯಲ್ಲಿ ಸುಮಾರು 300 ಮಂದಿ ಇದ್ದರು.

ನಾನು ಈ ಟ್ರಾಮ್ ಬಗ್ಗೆ ಓದತೊಡಗಿದ್ದೇ ಈ ಹುಡುಗಿಯರ ಸಲುವಾಗಿ. ಹಿರೋಷಿಮಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗುಮ್ಮಟದ ಅಸ್ಥಿಪಂಜರ, ಕಾಗದದ ಕೊಕ್ಕರೆಗಳು. ಆ ಊರಿನ ಬೀದಿಯಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ನಿಂತುಕೊಂಡೇ ಟ್ರಾಮ್ ಓಡಿಸುತ್ತಿದ್ದಳು ಎಂಬುದು ನಮ್ಮ ಪಠ್ಯಗಳಲ್ಲಿ ಎಲ್ಲೂ ಬರಲಿಲ್ಲ.

ಅದೇನು ಸಣ್ಣ ಕೆಲಸವೂ ಅಲ್ಲ. ಆಗಿನ ಟ್ರಾಮ್‌ನ ಮುಂಭಾಗದಲ್ಲಿ ಚಾಲಕನ ಎದೆಮಟ್ಟಕ್ಕೆ ಕಬ್ಬಿಣದ ಒಂದು ಪೆಟ್ಟಿಗೆ ನಿಂತಿರುತ್ತದೆ. ಅದೇ ಕಂಟ್ರೋಲರ್. ಮೇಲಿನ ತಂತಿಯಿಂದ ಇಳಿದ 600 ವೋಲ್ಟ್ ವಿದ್ಯುತ್ತು ಮೋಟಾರಿಗೆ ಹೋಗುವುದು ನೇರವಾಗಿ ಆ ಪೆಟ್ಟಿಗೆಯ ಒಳಗಿಂದಲೇ. ಮೇಲಿರುವ ಹಿಡಿಯನ್ನು ಎಡಗೈಯಲ್ಲಿ ಒಂದೊಂದೇ ಮೆಟ್ಟಿಲು ತಿರುಗಿಸುತ್ತಾ ಹೋಗಬೇಕು. ಪ್ರತಿ ಮೆಟ್ಟಿಲಿಗೂ ತಡೆ ಒಂದಿಷ್ಟು ಕಡಿಮೆಯಾಗಿ ವೇಗ ಏರುತ್ತದೆ. ಅವಸರಪಟ್ಟು ಎರಡು ಮೂರು ಮೆಟ್ಟಿಲು ಒಟ್ಟಿಗೆ ಹಾರಿಸಿದರೆ ಗಾಡಿ ಜಗ್ಗಿ, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಿಧಾನ ಮಾಡಿದರೆ ಹಿಂದಿನ ಗಾಡಿ ಬೆನ್ನಿಗೆ ಬಂದು ನಿಲ್ಲುತ್ತದೆ. ಬಲಗೈ ಬ್ರೇಕಿನ ಮೇಲೆ, ಪಾದ ಗಂಟೆಯ ಪೆಡಲಿನ ಮೇಲೆ, ಕಣ್ಣು ಹಳಿಯ ಮೇಲೆ. ಹಿಂದೆ ಕಂಡಕ್ಟರ್ ಹಗ್ಗ ಎಳೆದು ಎರಡು ಸಲ ಗಂಟೆ ಬಾರಿಸಿದರೆ ಹೊರಡು. ಒಂದೇ ಸಲ ಬಾರಿಸಿದರೆ ನಿಲ್ಲಿಸು. ಸುತ್ತಲೂ ಸೈಕಲ್ಲು, ಕೈಗಾಡಿ, ಸೈನ್ಯದ ಲಾರಿಗಳು. ಹಣೆಗೆ ಬಿಳಿ ಪಟ್ಟಿ ಬಿಗಿದುಕೊಂಡ ಎಳೆಯ ಹುಡುಗಿಯರು, ಕಾಲಿಡಲು ಜಾಗವಿಲ್ಲದಷ್ಟು ತುಂಬಿದ ಗಾಡಿಗಳನ್ನು ಹೀಗೆ ದಿನವೂ ಓಡಿಸಿದರು.

ಈ ಹಳಿಗಳ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಟ್ರಾಮ್ ಕಂಪನಿ ಹುಟ್ಟಿದ್ದು 1910ರಲ್ಲಿ, ಮೊದಲ ಗಾಡಿ ಓಡಿದ್ದು 1912ರ ನವೆಂಬರ್ 23ರಂದು. ಹಿರೋಷಿಮಾ ಕೋಟೆಯ ಹೊರ ಕಂದಕವನ್ನು ಮುಚ್ಚಿ, ಅದರ ಮೇಲೆ ರಸ್ತೆ ಮಾಡಿ ಹಳಿ ಹಾಕಿದರು. ಇವತ್ತು ಊರಿನ ಅತಿ ಗದ್ದಲದ ಬೀದಿಗಳಾದ ಕಾಮಿಯಾಚೊ, ಹಚ್ಚೊಬೊರಿಗಳ ಕಡೆ ಟ್ರಾಮ್ ಸಾಗುವುದು ಆ ಹಳೆಯ ಕಂದಕದ ದಾರಿಯಲ್ಲೇ. ಆರು ನದಿಗಳು ಸೀಳಿಕೊಂಡು ಹೋಗುವ ಮೆಕ್ಕಲು ನೆಲ, ಹೆಜ್ಜೆಗೊಂದು ಸೇತುವೆ. 1915ರಲ್ಲಿ ಉಜಿನಾ ಬಂದರಿನವರೆಗೆ ಹಳಿ ಹೋಯಿತು. ಸೈನಿಕರು ಹಡಗು ಹತ್ತುತ್ತಿದ್ದ ಬಂದರು ಅದು. ಹಿರೋಷಿಮಾ ಆಗ ಸೈನ್ಯದ ಊರು ಎಂಬುದನ್ನು ಮರೆಯುವ ಹಾಗಿಲ್ಲ. 1922ರಲ್ಲಿ ಪಶ್ಚಿಮಕ್ಕೆ ಶುರುವಾದ ಮಾರ್ಗ 1931ರ ಹೊತ್ತಿಗೆ ಮಿಯಾಜಿಮಾ ದ್ವೀಪದ ದೋಣಿಗಟ್ಟೆ ಮುಟ್ಟಿತು. ಐಒಯಿ ಸೇತುವೆಯ ಮೇಲೂ ಟ್ರಾಮ್ ಹಾದುಹೋಗುತ್ತದೆ. ಎರಡು ನದಿಗಳು ಕವಲಾಗುವ ಕಡೆ ಇಂಗ್ಲಿಷಿನ ಟಿ ಅಕ್ಷರದಂತೆ ಚಾಚಿಕೊಂಡ ಸೇತುವೆ. ಆಕಾಶದಿಂದ ಸಲೀಸಾಗಿ ಗುರುತು ಸಿಗುತ್ತದೆಂದು ಅಮೆರಿಕದ ವಿಮಾನ ಗುರಿಯಿಟ್ಟದ್ದು ಅದಕ್ಕೇ.

1945ರ ಆಗಸ್ಟ್ 6, ಸೋಮವಾರ, ಬೆಳಗ್ಗೆ 8 ಗಂಟೆ 15 ನಿಮಿಷ. ಜನ ಕೆಲಸಕ್ಕೆ ಹೊರಟ ಹೊತ್ತು, ಟ್ರಾಮ್‌ಗಳೆಲ್ಲ ತುಂಬಿದ್ದವು. ಆಗ ಅಣುಬಾಂಬು ಬಿತ್ತು. ಕಂಪನಿಯ ಬಳಿ ಇದ್ದದ್ದು 123 ಗಾಡಿಗಳು, ಅವುಗಳಲ್ಲಿ 108 ಜಖಂಗೊಂಡವು. 185 ಸಿಬ್ಬಂದಿ ಸತ್ತರು. ಶಾಲೆಯ ಹುಡುಗಿಯರಲ್ಲಿ ಮೂವತ್ತರಷ್ಟು ಮಂದಿ ಉಳಿಯಲಿಲ್ಲ. ಮಿಯುಕಿ ಸೇತುವೆಯ ಆಚೆ ಬದಿಗಿದ್ದ ಶಾಲೆ, ಹಾಸ್ಟೆಲ್ ಕುಸಿದವು. ಬದುಕಿದವರು ಗಾಯಗೊಂಡ ಗೆಳತಿಯರನ್ನು ಕರೆದುಕೊಂಡು ಊರಿನ ಪಶ್ಚಿಮದ ಬೇರೊಂದು ಬಾಲಿಕಾ ಶಾಲೆಗೆ ನಡೆದರು. ಅಲ್ಲಿ ತಮ್ಮ ಕೈಲಾದ ಆರೈಕೆ ಮಾಡಿದರು. ಚೂಗೊಕು ಶಿಂಬುನ್ ಪತ್ರಿಕೆಯ ಛಾಯಾಗ್ರಾಹಕ ಯೊಶಿತೊ ಮತ್ಸುಶಿಗೆ ಆ ದಿನ ತೆಗೆದ ಐದು ಚಿತ್ರಗಳು ಉಳಿದಿವೆ. ಕಾಮಿಯಾಚೊ ಬಳಿ ನಿಂತಿದ್ದ ಟ್ರಾಮ್ ಒಂದರೊಳಗೆ ಕಂಡ ದೃಶ್ಯ ಮಾತ್ರ ಅವುಗಳಲ್ಲಿಲ್ಲ. ಗಾಡಿಯ ತುಂಬ ಹೆಣಗಳಿದ್ದವು, ಕ್ಯಾಮೆರಾ ಒತ್ತಲು ಕೈ ಬರಲಿಲ್ಲ ಎಂದು ಅವರು ಮುಂದೆ ಜೀವಮಾನವಿಡೀ ಹೇಳಿಕೊಂಡು ಬಂದರು.

ಮೂರನೇ ದಿನಕ್ಕೆ ಟ್ರಾಮ್ ಓಡಿತು.

ಆಗಸ್ಟ್ 9ರಂದು ಪಶ್ಚಿಮದ ಕೊಯಿ ಮತ್ತು ನಿಶಿ ತೆನ್ಮಾಚೊ ನಡುವೆ, ಒಂದೂವರೆ ಕಿಲೋಮೀಟರಿನ ಆಸುಪಾಸಿನ ದಾರಿಯಲ್ಲಿ, ಒಂದೇ ಹಳಿಯ ಮೇಲೆ ಗಾಡಿ ಹೋಗಿಬರತೊಡಗಿತು. ಊರಿನ ವಿದ್ಯುತ್ ವ್ಯವಸ್ಥೆ ನೆಲಸಮವಾಗಿತ್ತು. ಆದರೆ ದೂರದ ಹತ್ಸುಕಾಯಿಚಿಯಲ್ಲಿ, ಮಿಯಾಜಿಮಾ ಮಾರ್ಗದ ಸಬ್‌ಸ್ಟೇಷನ್ ಉಳಿದುಕೊಂಡಿತ್ತು. ಅಲ್ಲಿಂದ ಕರೆಂಟು ತಂದರು. ಕಂಬಗಳನ್ನು ಎತ್ತಿ ನಿಲ್ಲಿಸಲು, ತಂತಿ ಎಳೆಯಲು ಅಳಿದುಳಿದ ನೌಕರರ ಜತೆ ಸೈನಿಕರೂ ಕೈ ಹಾಕಿದರು. ಅದೇ ದಿನ ಹನ್ನೊಂದು ಗಂಟೆ ದಾಟುತ್ತಿದ್ದಂತೆ ನಾಗಸಾಕಿಯ ಮೇಲೆ ಎರಡನೇ ಬಾಂಬು ಬಿತ್ತು. ಯುದ್ಧ ಮುಗಿದಿರಲಿಲ್ಲ, ಶರಣಾಗತಿಯ ಸುದ್ದಿಯೂ ಇರಲಿಲ್ಲ. ಇನ್ನೂ ಹೊಗೆಯಾಡುತ್ತಿದ್ದ ಊರಿನಲ್ಲಿ ಟ್ರಾಮ್ ಗಂಟೆ ಕೇಳಿತು.

ಆ ಗಾಡಿಯಲ್ಲಿ ಕಂಡಕ್ಟರ್ ಕೆಲಸಕ್ಕೆ ನಿಂತವರಲ್ಲಿ ಈ ಶಾಲೆಯ ಹುಡುಗಿಯರಿದ್ದರು. ಹತ್ತಿದವರ ಕೈಯಲ್ಲಿ ಕಾಸಿಲ್ಲ, ಕೆಲವರ ಮೈಮೇಲೆ ನೆಟ್ಟಗೆ ಬಟ್ಟೆಯೂ ಇಲ್ಲ. ದುಡ್ಡಿಲ್ಲದವರನ್ನು ಟಿಕೆಟ್ ಕೇಳಬೇಡಿ ಎಂದು ಹಿರಿಯರು ಹೇಳಿದ್ದನ್ನು ಅವರು ವೃದ್ಧಾಪ್ಯದಲ್ಲೂ ನೆನೆದಿದ್ದಾರೆ. ಮನೆಯವರನ್ನು ಹುಡುಕಿಕೊಂಡು ಹೊರಟವರು, ಸುಟ್ಟ ಮೈಯವರು, ಇನ್ನು ಒಂದು ಹೆಜ್ಜೆಯೂ ಆಗದೆಂದು ಕೈಚೆಲ್ಲಿದವರು ಆ ಸಣ್ಣ ದಾರಿಯನ್ನು ಕೂತು ದಾಟಿದರು. ಓಡುವ ಟ್ರಾಮೊಂದು ಕಂಡದ್ದೇ ತಮಗೆ ಬದುಕುವ ಧೈರ್ಯ ಕೊಟ್ಟಿತು ಎಂಬ ಮಾತನ್ನು ಹಿಬಾಕುಷಾಗಳು, ಅಂದರೆ ಬಾಂಬಿಗೆ ಸಿಕ್ಕಿ ಬದುಕುಳಿದವರು, ಮತ್ತೆ ಮತ್ತೆ ಹೇಳಿದ್ದಾರೆ.

ಅದರ ಮರುತಿಂಗಳು, ಸೆಪ್ಟೆಂಬರ್‌ನಲ್ಲಿ, ಶಾಲೆ ಮುಚ್ಚಿತು. ಗಂಡಸರು ಯುದ್ಧದಿಂದ ಮರಳುತ್ತಿದ್ದರು, ಹುಡುಗಿಯರು ಹಳ್ಳಿಗಳಿಗೆ ಹಿಂದಿರುಗಿದರು. ಎರಡೂವರೆ ವರ್ಷದ ಶಾಲೆ ಊರಿನ ನೆನಪಿನಿಂದಲೂ ಮೆಲ್ಲನೆ ಜಾರಿತು. ಅವರ ಕಥೆಯನ್ನು ವಿವರವಾಗಿ ದಾಖಲಿಸಿದ ಪುಸ್ತಕ ಜಪಾನಿನಲ್ಲಿ ಬಂದದ್ದು 2005ರಲ್ಲಿ, ಬಾಂಬು ಬಿದ್ದು ಅರವತ್ತು ವರ್ಷವಾದ ಮೇಲೆ. 2015ರಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಮೊದಲ ಟ್ರಾಮ್ ಓಡಿದ ಕಥೆಯನ್ನು ನಾಟಕ ಮಾಡಿ ಟಿ.ವಿ.ಯಲ್ಲಿ ತೋರಿಸಿತು. ಅಷ್ಟರಲ್ಲಿ ಆ ಹುಡುಗಿಯರು ಎಂಬತ್ತು ದಾಟಿದ ಅಜ್ಜಿಯರು. ಇಷ್ಟು ತಡವಾದದ್ದು ಅನ್ಯಾಯ ಎಂದೇ ನನಗನಿಸುತ್ತದೆ. ಸೈನ್ಯಾಧಿಕಾರಿಗಳ, ವಿಜ್ಞಾನಿಗಳ, ವಿಮಾನ ಹಾರಿಸಿದವರ ಹೆಸರುಗಳೆಲ್ಲ ಪುಸ್ತಕ ಸೇರಿದ್ದವು.

ಹುಡುಗಿಯರು ಮರೆಯಾದರೂ ಆ ಕಾಲದ ಗಾಡಿಗಳು ಪೂರ್ತಿ ಮರೆಯಾಗಲಿಲ್ಲ. 650 ಎಂಬ ಮಾದರಿಯ ಐದು ಗಾಡಿಗಳು ಕಂಪನಿಗೆ ಬಂದದ್ದು 1942ರಲ್ಲಿ. ಬಾಂಬು ಬಿದ್ದಾಗ ಐದಕ್ಕೂ ಏಟು ಬಿತ್ತು, ಐದನ್ನೂ ದುರಸ್ತಿ ಮಾಡಿ ಮತ್ತೆ ಓಡಿಸಿದರು. 651 ಇದ್ದದ್ದು ಸ್ಫೋಟದ ಕೇಂದ್ರದಿಂದ ಬರೀ 700 ಮೀಟರ್ ಆಸುಪಾಸಿನಲ್ಲಿ. ಅದನ್ನು 1946ರ ಮಾರ್ಚ್‌ನಲ್ಲಿ ಹಳಿಗೆ ತಂದರು. ಉಜಿನಾ ಕಡೆಗಿದ್ದ 652ಕ್ಕೆ ಪೆಟ್ಟು ಕಡಿಮೆ, ಅದು ಆ ಆಗಸ್ಟ್‌ನಲ್ಲೇ ಸೇವೆಗೆ ಮರಳಿತು. ಹಿರೋಷಿಮಾ ಸ್ಟೇಷನ್ನಿನ ಬಳಿ ಪೂರ್ತಿ ಸುಟ್ಟಿದ್ದ 655 ಕೂಡ 1948ರಲ್ಲಿ ಎದ್ದಿತು. 1967ರಲ್ಲಿ ಲಾರಿಯೊಂದಕ್ಕೆ ಡಿಕ್ಕಿಯಾಗಿ ಅದರ ಆಯುಸ್ಸು ಮುಗಿಯಿತು. 654 ಈಗ ಊರಿನ ಸಾರಿಗೆ ವಸ್ತುಸಂಗ್ರಹಾಲಯದಲ್ಲಿದೆ. 653ಕ್ಕೆ 2015ರಲ್ಲಿ ಯುದ್ಧಕಾಲದ ನೀಲಿ, ಬೂದು ಬಣ್ಣ ಬಳಿದು ವಿಶೇಷ ಓಡಾಟಕ್ಕೆ ಇಟ್ಟುಕೊಂಡಿದ್ದಾರೆ. 651 ಮತ್ತು 652 ಮಾತ್ರ ಇಂದಿಗೂ ದುಡಿಯುವ ಗಾಡಿಗಳು. ಮೇಲೆ ಕೆನೆ ಬಣ್ಣ, ಕೆಳಗೆ ಹಸಿರು. ಒಳಗೆ ಏರ್ ಕಂಡಿಷನರ್ ಬಂದಿದೆ. ಆದರೆ ಕಂಟ್ರೋಲರ್ ಮಾತ್ರ ಅದೇ ಕೈ ತಿರುಗಿಸುವ ಪೆಟ್ಟಿಗೆ. ಹೊರಡುವಾಗ ನೆಲದಡಿಯಿಂದ ಮೋಟಾರು ಗುರುಗುಟ್ಟುವ ಸದ್ದು ಪಾದಕ್ಕೆ ತಾಕುತ್ತದೆ. ಹೊಸ ಗಾಡಿಗಳಲ್ಲಿ ಆ ಸದ್ದಿಲ್ಲ.

ಬಾಂಬು ಮುಗಿಸದ್ದನ್ನು ಮೋಟಾರು ಕಾರುಗಳು ಮುಗಿಸುವ ಅಪಾಯವೂ ಇತ್ತು. 1963ರಲ್ಲಿ ಟ್ರಾಮ್ ಹಳಿಯ ಮೇಲೆ ಕಾರುಗಳನ್ನು ಬಿಟ್ಟರು. ಟ್ರಾಮ್‌ಗಳು ಕಾರುಗಳ ನಡುವೆ ಸಿಕ್ಕಿಬಿದ್ದು ತಡವಾದವು, ತಡವಾದ್ದರಿಂದ ಜನ ಬಿಟ್ಟರು. ಒಸಾಕಾ 1969ರಲ್ಲಿ, ಕೋಬೆ 1971ರಲ್ಲಿ, ಕ್ಯೋಟೊ 1978ರಲ್ಲಿ ನಗರದ ಟ್ರಾಮ್ ಮುಚ್ಚಿದವು. ಹಿರೋಷಿಮಾ ಬೇರೆ ದಾರಿ ಹಿಡಿಯಿತು. 1971ರಲ್ಲಿ ಅಲ್ಲಿನ ಪೊಲೀಸರು ಹಳಿಯಿಂದ ಕಾರುಗಳನ್ನು ಮತ್ತೆ ಹೊರಗಿಟ್ಟರು. ಈ ಒಂದು ತೀರ್ಮಾನವೇ ಟ್ರಾಮನ್ನು ಉಳಿಸಿತು. ಬೇರೆ ಊರುಗಳು ಗುಜರಿಗೆ ಹಾಕಬೇಕಿದ್ದ ಗಾಡಿಗಳನ್ನು ಹಿರೋಷಿಮಾ ಕೊಂಡು ತಂದಿತು, ಹಲವಕ್ಕೆ ಅವುಗಳ ತವರೂರಿನ ಬಣ್ಣವನ್ನೇ ಉಳಿಸಿತು. ಕ್ಯೋಟೊದಿಂದ ಬಂದ ಗಾಡಿಗಳಿಗೆ ಅರಾಶಿಯಾಮಾ, ಗಿಯೊನ್, ಕಾಮೊಗಾವಾ ಎಂದು ಆ ಊರಿನ ನೆನಪಿನ ಹೆಸರುಗಳನ್ನಿಟ್ಟಿದ್ದಾರೆ. ಜರ್ಮನಿಯ ಹ್ಯಾನೋವರ್‌ನಿಂದ ಬಂದ 1928ರ ಗಾಡಿಯೊಂದೂ ಇಲ್ಲಿದೆ. 1999ರಲ್ಲಿ ಸೀಮೆನ್ಸ್‌ನ ತಗ್ಗುನೆಲದ ಗಾಡಿ ಬಂದಾಗ ಮೊದಲನೆಯದನ್ನು ಅಂಟೊನೊವ್ ಸರಕು ವಿಮಾನದಲ್ಲಿ ತರಿಸಿದರು.

ಇವತ್ತು ನಗರದೊಳಗಿನ ಮಾರ್ಗ 19 ಕಿಲೋಮೀಟರ್, ಮಿಯಾಜಿಮಾ ಮಾರ್ಗ 16 ಕಿಲೋಮೀಟರ್. ಜಪಾನಿನಲ್ಲಿ ಇಷ್ಟು ಜನರನ್ನು ಹೊರುವ ಇನ್ನೊಂದು ಟ್ರಾಮ್ ವ್ಯವಸ್ಥೆ ಇಲ್ಲ. 2025ರ ಆಗಸ್ಟ್ 3ರಿಂದ ಟ್ರಾಮ್ ಹೊಸ ಹಳಿಯಲ್ಲಿ ಮೇಲೇರಿ ಹಿರೋಷಿಮಾ ಸ್ಟೇಷನ್ನಿನ ಎರಡನೇ ಮಹಡಿಗೇ ಬಂದು ನಿಲ್ಲುತ್ತಿದೆ. ಸುರಂಗ, ಮೇಲ್ಸೇತುವೆಗಳಿಗೆ ಕೋಟಿಗಟ್ಟಲೆ ಸುರಿಯುವ ಊರುಗಳು ಒಮ್ಮೆ ಇಲ್ಲಿಗೆ ಬಂದು ನೋಡಬೇಕು. ಉಳಿದೆಡೆಯೆಲ್ಲ ಬೀದಿಯ ಮಟ್ಟದಲ್ಲೇ ಹತ್ತಿ ಇಳಿಯುವ ಗಾಡಿಯನ್ನು ಮುದುಕರು, ಮಕ್ಕಳ ತಾಯಂದಿರು ಎಷ್ಟು ಹಾಯಾಗಿ ಬಳಸುತ್ತಾರೆ ಎಂಬುದನ್ನು ನೋಡಿದರೆ ಸಾಕು.

ಹಳೆಯ ಗಾಡಿಗಳಿಗೆ ಮಾತ್ರ ಕಾಲ ಹತ್ತಿರವಾಗುತ್ತಿದೆ. ಎಂಬತ್ತು ದಾಟಿದ ಯಂತ್ರಕ್ಕೆ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ. ತಗ್ಗುನೆಲದ ಗಾಡಿ ಬಂದಷ್ಟೂ ಎತ್ತರದ ಮೆಟ್ಟಿಲಿನ ಗಾಡಿಗಳು ಹಿಂದೆ ಸರಿಯಲೇಬೇಕು.

ಜಪಾನಿಗೆ ಹೋಗುವ ಕನ್ನಡಿಗರು ಈಗ ಕಡಿಮೆಯಿಲ್ಲ. ಹಿರೋಷಿಮಾಕ್ಕೆ ಹೋದರೆ ಹೆಚ್ಚಿನವರು ಶಾಂತಿ ಉದ್ಯಾನ ನೋಡಿ, 2ನೇ ನಂಬರಿನ ಟ್ರಾಮ್ ಹತ್ತಿ ಮಿಯಾಜಿಮಾ ಕಡೆ ಹೊರಡುತ್ತಾರೆ. ಗುಮ್ಮಟದ ನಿಲ್ದಾಣ ಬಿಟ್ಟು ಸ್ವಲ್ಪ ಹೊತ್ತಿಗೆ ತೆನ್ಮಾಚೊ ಬರುತ್ತದೆ. ಅಲ್ಲಿಂದ ನಿಶಿ ಹಿರೋಷಿಮಾವರೆಗಿನ ನಾಲ್ಕು ನಿಲ್ದಾಣಗಳ ದಾರಿಯೇ ಆಗಸ್ಟ್ 9ರಂದು ಆ ಹುಡುಗಿಯರು ಕೆಲಸ ಮಾಡಿದ ದಾರಿ. ಹಳೆಯ ಕೊಯಿಯೇ ಈಗಿನ ನಿಶಿ ಹಿರೋಷಿಮಾ. 651 ಅಥವಾ 652ರಲ್ಲಿ ಕೂರುವ ಆಸೆಯಿದ್ದರೆ ವಾರದ ದಿನಗಳಲ್ಲಿ ಬೆಳಗ್ಗೆ ಬೇಗ ಎದ್ದು ಹೋಗಿ, ಕಚೇರಿಗೆ ಹೋಗುವವರ ದಟ್ಟಣೆಯ ಹೊತ್ತಿನಲ್ಲೇ ಅವು ಹೊರಬರುವುದು ಹೆಚ್ಚು. ಟಿಕೆಟ್ ದರ ಬೇರೆ ಗಾಡಿಗಳಷ್ಟೇ.