ಕಡತದ ಷರಾ ಮತ್ತು ಮನಸ್ಸಿನ ಪದಕೋಶ

ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ‘ಡಿಪ್ರೆಶನ್’ ಎಂಬ ಪದಕ್ಕೆ ನನಗೆ ಗೊತ್ತಿದ್ದುದು ಒಂದೇ ಅರ್ಥ: 1929ರಲ್ಲಿ ಅಮೆರಿಕದ ಷೇರುಪೇಟೆಯ ಪತನದ ಬೆನ್ನಿಗೇ ಬಂದ ಮಹಾ ಆರ್ಥಿಕ ಕುಸಿತ. ಅದೇ ಪದ ಒಬ್ಬ ಮನುಷ್ಯನ ಬದುಕಿಗೂ ಅನ್ವಯಿಸುತ್ತದೆ ಎಂಬುದನ್ನು ನಾನು ಕಲಿತದ್ದು ತಡವಾಗಿ, ಅದೂ ಒಂದು ತಪ್ಪು ಮಾಡಿದ ಮೇಲೆ.

ತೊಂಬತ್ತರ ದಶಕದಲ್ಲಿ ನಾನು ಜಿಲ್ಲಾ ಮಟ್ಟದ ಕಚೇರಿಯೊಂದರ ಮುಖ್ಯಸ್ಥನಾಗಿದ್ದೆ. ಅಲ್ಲಿ ಹದಿನೈದು ವರ್ಷ ಅಚ್ಚುಕಟ್ಟಾಗಿ ದುಡಿದಿದ್ದ ಪ್ರಥಮ ದರ್ಜೆ ಸಹಾಯಕರೊಬ್ಬರು ಏಕಾಏಕಿ ಮಂಕಾದರು. ಕಡತಗಳು ಮೇಜಿನ ಮೇಲೆಯೇ ಉಳಿದವು. ಆಮೇಲೆ ಗೈರುಹಾಜರಿ ಶುರುವಾಯಿತು. ಕರೆದು ವಿಚಾರಿಸಿದರೆ, ‘ಏನೂ ಬೇಡ ಅನ್ನಿಸುತ್ತದೆ ಸಾರ್’ ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ಕಾರಣ ಕೇಳಿ ನೋಟಿಸ್ ಕೊಟ್ಟೆ. ಗೋಪ್ಯ ವರದಿಯಲ್ಲಿ ‘ಆಲಸಿ, ಕರ್ತವ್ಯದಲ್ಲಿ ನಿರಾಸಕ್ತ’ ಎಂದು ಷರಾ ಬರೆದೆ. ಅವರ ವೇತನ ಬಡ್ತಿಗೆ ತಡೆ ಬಿತ್ತು. ಅವರು ಮನೋವೈದ್ಯರ ಚಿಕಿತ್ಸೆಯಲ್ಲಿದ್ದಾರೆಂದು ತಿಳಿಯುವ ವೇಳೆಗೆ ನನಗೆ ವರ್ಗವಾಗಿತ್ತು.

ನಾನು ದೋಷವೆಂದು ಬರೆದ ‘ನಿರಾಸಕ್ತಿ’ ಚಿಕಿತ್ಸಾ ಕೊಠಡಿಯಲ್ಲಿ ಒಂದು ರೋಗಲಕ್ಷಣ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಪ್ರಕಾರ ಖಿನ್ನತೆಯೆನ್ನಲು ಗೊತ್ತುಪಡಿಸಿದ 9 ಲಕ್ಷಣಗಳಲ್ಲಿ ಕನಿಷ್ಠ 5 ಲಕ್ಷಣಗಳು ಎರಡು ವಾರ ಕಾಲ ಹೆಚ್ಚುಕಡಿಮೆ ಪ್ರತಿದಿನವೂ ಇರಬೇಕು. ಅವುಗಳಲ್ಲಿ ಕುಗ್ಗಿದ ಮನಸ್ಸು ಇಲ್ಲವೇ ನಿರಾಸಕ್ತಿ ಸೇರಿರಲೇಬೇಕು. ನಿದ್ರೆ, ಹಸಿವು, ಏಕಾಗ್ರತೆ, ತೀರ್ಮಾನಿಸುವ ಶಕ್ತಿ ಎಲ್ಲವೂ ಈ ಪಟ್ಟಿಯಲ್ಲಿವೆ.

ಸಂಶೋಧಕರ ಕೈಯಲ್ಲಿ ಇದೇ ಖಿನ್ನತೆ ಒಂದು ಅಂಕವಾಗುತ್ತದೆ. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯಲ್ಲಿ 9 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ಹೆಚ್ಚಿನ ಪರೀಕ್ಷೆಗೆ ಒಳಪಡಿಸುತ್ತಾರೆ. ಇದು ಜರಡಿ, ರೋಗನಿರ್ಣಯವಲ್ಲ. ಬಡತನ ರೇಖೆಯ ಹಾಗೆ: ಅದು ಬಡವರನ್ನು ಎಣಿಸುತ್ತದೆ, ಈ ಮನೆಯಲ್ಲಿ ಒಲೆ ಏಕೆ ಉರಿಯಲಿಲ್ಲ ಎಂಬುದನ್ನು ಹೇಳುವುದಿಲ್ಲ.

ಇನ್ನೊಂದು ಪದ ‘ಋಣಾತ್ಮಕ ಬಲವರ್ಧನೆ’. ಇದನ್ನು ಅನೇಕರು ಶಿಕ್ಷೆಯೆಂದೇ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ವರ್ತನಾ ವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಪರಿಭಾಷೆಯಲ್ಲಿ ಶಿಕ್ಷೆ ವರ್ತನೆಯನ್ನು ಕುಗ್ಗಿಸುತ್ತದೆ. ಬಲವರ್ಧನೆ, ಋಣಾತ್ಮಕವಾದರೂ, ಅದನ್ನು ಹೆಚ್ಚಿಸುತ್ತದೆ. ಅಹಿತವಾದುದೊಂದು ದೂರವಾದಾಗ, ಅದನ್ನು ದೂರ ಮಾಡಿದ ವರ್ತನೆ ಬಲಗೊಳ್ಳುತ್ತದೆ. ಕಚೇರಿಯ ಭಯ ಕಾಡುವವರಿಗೆ ಮನೆಯಲ್ಲುಳಿದ ದಿನ ನೆಮ್ಮದಿ. ಆ ನೆಮ್ಮದಿಯೇ ನಾಳೆಯ ಗೈರುಹಾಜರಿಗೆ ಬಲ. ನನ್ನ ನೋಟಿಸು ಕಚೇರಿಯನ್ನು ಇನ್ನಷ್ಟು ಭಯಾನಕವಾಗಿಸಿತು. ಚಿಕಿತ್ಸಕರು ಮಾಡುವುದು ಇದಕ್ಕೆ ವಿರುದ್ಧ: ದಿನಕ್ಕೊಂದು ಸಣ್ಣ ಕೆಲಸ ಹಚ್ಚಿ, ಬಿಟ್ಟುಹೋದ ಬದುಕಿಗೆ ಮೆಲ್ಲನೆ ಮರಳಿಸುವುದು.

ಈಗ ಗಾಳಿ ಎದುರು ದಿಕ್ಕಿಗೂ ಬೀಸುತ್ತಿದೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೂ, ಬಸ್ಸು ತಪ್ಪಿದರೂ ‘ಡಿಪ್ರೆಶನ್’. ಖೋಟಾ ನಾಣ್ಯ ಹೆಚ್ಚಿದಾಗ ಅಸಲಿಯನ್ನೂ ಅಂಗಡಿಯವನು ಅನುಮಾನದಿಂದ ನೋಡುತ್ತಾನೆ. ಪದ ಸವೆದಷ್ಟೂ ನಿಜವಾದ ರೋಗಿಯ ಮಾತನ್ನು ನಂಬುವವರು ಕಡಿಮೆಯಾಗುತ್ತಾರೆ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2018ರಲ್ಲಿ ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ಅಸ್ವಸ್ಥತೆಯನ್ನು ಅಂಗೀಕೃತ ವೈದ್ಯಕೀಯ ಮಾನದಂಡಗಳಿಂದಲೇ ನಿರ್ಧರಿಸಬೇಕು. ಅಸ್ವಸ್ಥತೆ ಇದೆಯೆಂದ ಮಾತ್ರಕ್ಕೆ ವ್ಯಕ್ತಿಯನ್ನು ಅಸ್ವಸ್ಥಚಿತ್ತನೆಂದು ಭಾವಿಸುವಂತಿಲ್ಲ. ಚಿಕಿತ್ಸೆಯ ವಿಷಯದಲ್ಲಿ ದೇಹ, ಮನಸ್ಸುಗಳ ಕಾಯಿಲೆಗಳನ್ನು ಸಮಾನವಾಗಿ ಕಾಣಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾರೂ ಕರೆ ಮಾಡಬಹುದು.

ಅಧಿಕಾರದಲ್ಲಿರುವ ಕಿರಿಯ ಮಿತ್ರರಲ್ಲಿ ನನ್ನದೊಂದೇ ವಿನಂತಿ. ನಾವು ವೈದ್ಯರಲ್ಲ; ರೋಗಕ್ಕೆ ಹೆಸರಿಡುವುದು ನಮ್ಮ ಕೆಲಸವಲ್ಲ. ಆದರೆ ಹದಿನೈದು ವರ್ಷ ಸರಿಯಾಗಿದ್ದವರು ಏಕಾಏಕಿ ಬದಲಾದರೆ, ಷರಾ ಬರೆಯುವ ಮೊದಲು ಕುರ್ಚಿ ಎಳೆದು ಕೂರಿಸಿ, ‘ನಿದ್ದೆ ಬರುತ್ತಿದೆಯೇ?’ ಎಂದು ಕೇಳಬಹುದು.

ಆ ಸಹಾಯಕರು ಚೇತರಿಸಿಕೊಂಡು, ಕೆಲಸಕ್ಕೆ ಮರಳಿ, ಗೌರವದಿಂದಲೇ ನಿವೃತ್ತರಾದರು. ನನ್ನ ಷರಾ ಮಾತ್ರ ಅಲ್ಲಿಯೇ ಉಳಿಯಿತು. ಅದನ್ನು ಹೊಡೆದುಹಾಕುವ ಅಧಿಕಾರ ಈಗ ನನಗಿಲ್ಲ.