ಕೆಲಗೇರಿಯಿಂದ ಕಾಳೀಕಣಿವೆಗೆ

ಉತ್ತರದ ಹಿಮದೇಶಗಳ ಅರಣ್ಯಗಳಲ್ಲಿ ಒಬ್ಬೊಬ್ಬರೇ ವ್ಯಾನು ನಡೆಸಿಕೊಂಡು ತಿಂಗಳುಗಟ್ಟಲೆ ಅಲೆಯುವವರ ಸಂಗತಿಯನ್ನು ವಾಚಕರು ಓದಿರಬಹುದು. ಕಾಡನ್ನು ಕಾಣುವದಕ್ಕೆ ಧಾರವಾಡದವರು ಅಷ್ಟು ದೂರ ಹೋಗಬೇಕಾಗಿಲ್ಲ. ಕೆಲಗೇರಿಯ ಕೆರೆಯನ್ನು ಹಿಂದೆ ಬಿಟ್ಟು ಗೋವೆಯ ಹಾದಿ ಹಿಡಿದು, ಅಳ್ನಾವರದಿಂದ ಹಳಿಯಾಳದ ಕಡೆಗೆ ಹೊರಳಿ ದಾಂಡೇಲಿಯನ್ನು ಸೇರಿದರೆ ಸಾಕು. ಮುಂದೆ ಕಾಳೀನದಿಯ ಕಣಿವೆ. ನಾನು ಕಳೆದ ಚಳಿಗಾಲದಲ್ಲಿ ಒಬ್ಬನೇ ವ್ಯಾನಿನಲ್ಲಿ ಹೋಗಿ ಬಂದೆನು.

ದಾಂಡೇಲಿಯ ಕಾಡು 1956ರಲ್ಲಿ ಅಭಯಾರಣ್ಯವಾಯಿತು. ಅಣಶಿಯು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡೂ ಕೂಡಿ ಹುಲಿಗಳ ರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿಯ ಹೆಸರನ್ನೇ ಹೊತ್ತಿವೆ. ಒಂಟಿಯಾಗಿ ಹೋಗುವವರು ದಾಂಡೇಲಿಯಲ್ಲಿಯೇ ಎಣ್ಣೆ ತುಂಬಿಸಿ, ಮನೆಗೆ ತಿಳಿಸಿ ಹೊರಡುವದು ಲೇಸು. ಮುಂದೆ ಮೊಬೈಲು ಬಹಳ ದೂರ ಮೂಕವಾಗಿರುವದು. ಕತ್ತಲಾಗುವ ಮೊದಲೇ ಊರು ಸೇರಬೇಕು.

ಗಣೇಶಗುಡಿಯಲ್ಲಿ ಗೃಹಸ್ಥರು ಅವಶ್ಯವಾಗಿ ನೋಡತಕ್ಕ ಹಕ್ಕಿಯೊಂದುಂಟು, ಅದು ಮಂಗಟ್ಟೆ. ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಮೆತ್ತಿ ಮುಚ್ಚಿ, ಸಣ್ಣದೊಂದು ಸೀಳನ್ನು ಮಾತ್ರ ಉಳಿಸಿಕೊಳ್ಳುವದು. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನಿಂದ ಉಣಿಸುವದು. ದೊಡ್ಡ ಪೊಟರೆಯ ಹಳೆಯ ಮರ ಉರುಳಿತೆಂದರೆ ಈ ಸಂಸಾರಕ್ಕೆ ಮನೆಯೇ ಇಲ್ಲ. ಹೊಸ ಸಸಿ ನೆಟ್ಟು ಅಂಥ ಮನೆಯನ್ನು ಕೊಡುವದಕ್ಕೆ ಎಷ್ಟು ತಲೆಮಾರು ಬೇಕೋ!

ಅಲ್ಲಿಯೇ ಸೂಪಾ ಅಣೆಕಟ್ಟು, 101 ಮೀಟರು ಎತ್ತರ. ತಾಲೂಕಿನ ಮುಖ್ಯ ಊರಾಗಿದ್ದ ಸೂಪಾ ಅದರ ನೀರಿನೊಳಗೆ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು. ಚಹದ ಅಂಗಡಿಯಲ್ಲಿ ಭೆಟ್ಟಿಯಾದ ಮುದುಕರೊಬ್ಬರಿಗೆ ನಾನು ಧಾರವಾಡದ ಕಡೆಯವನೆಂದು ತಿಳಿದಾಗ, "ನಿಮ್ಮಲ್ಲಿ ದೀಪ ಛಲೋ ಉರೀತಾವೇನ್ರೀ?" ಎಂದು ಕೇಳಿದರು. ಅವರ ಮನೆ, ಹೊಲ, ಸಂತೆಯ ಬಯಲು ಎಲ್ಲವೂ ಆ ನೀರಿನ ಕೆಳಗೆ ಇದ್ದವು. ಮಾತಿನಲ್ಲಿ ಕಹಿಯಿರಲಿಲ್ಲ. ಉರಿಯುತ್ತವೆಂದೆನು, ಚಹದ ದುಡ್ಡನ್ನು ಅವರು ನನಗೆ ಕೊಡಗೊಡಲಿಲ್ಲ.

ಜೋಯಿಡಾದ ಸುತ್ತಲಿನ ಕುಣಬಿ ಜನರು ಬೆಳೆಯುವ ಗಡ್ಡೆಗೆಣಸುಗಳ ಬಗೆಗಳನ್ನು ನಮ್ಮ ಪೇಟೆ ಕಂಡೇ ಇಲ್ಲ. ಒಂದಿಷ್ಟು ಕೊಂಡು ವ್ಯಾನಿನಲ್ಲಿ ಹಾಕಿಕೊಂಡೆನು. ಕುಂಬಾರವಾಡೆಯ ಮುಂದೆ ಅಣಶಿಯ ಘಟ್ಟ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವದುಂಟು. ಚಳಿಗಾಲದಲ್ಲಿ ಭಯವಿಲ್ಲವಾದರೂ ತಿರುವುಗಳಲ್ಲಿ ಕೈ ಸಡಿಲಬಿಡುವಂತಿಲ್ಲ. ಇಳಿದರೆ ಕದ್ರಾ, ಮತ್ತೆ ಕಾಳಿ ಜತೆಗೂಡುವಳು, ಕಾರವಾರದ ಸಮುದ್ರದ ವರೆಗೆ.